ನಾಲ್ಕು ಗಂಟೆಯ ಓದು

ಅಚ್ಚಿನ ಮಸಿಯ ವಾಸನೆ ಒಂದೇ ಬಂದರೆ ನನಗೆ ಏನೂ ಆಗುವುದಿಲ್ಲ. ಕಾಫಿಯ ವಾಸನೆ ಒಂದೇ ಬಂದರೂ ಅಷ್ಟೆ. ಎರಡೂ ಕೂಡಿ ಬಂದಾಗ ಮಾತ್ರ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಕೆಲಸದಿಂದ ನಿವೃತ್ತಳಾಗಿ ಇಷ್ಟು ವರ್ಷವಾದರೂ ನಾನು ಐದಕ್ಕೆ ಏಳುತ್ತೇನೆ. ಐದೂವರೆಗೆ ಡಿಕಾಕ್ಷನ್ ಇಳಿದಿರುತ್ತದೆ. ಐದೂ ಮುಕ್ಕಾಲಿಗೆ ಪತ್ರಿಕೆ ಬಾಗಿಲಿಗೆ ಬಂದು ಬೀಳುತ್ತದೆ. ಮಳೆಗಾಲದಲ್ಲಿ ಹಾಳೆ ಸ್ವಲ್ಪ ತೇವವಾಗಿರುತ್ತದೆ. ಆ ತೇವದ ಹಾಳೆಯನ್ನು ಬಿಡಿಸಿ ಬಿಸಿ ಲೋಟದ ಪಕ್ಕಕ್ಕೆ ಹರಡಿದ ಕೂಡಲೇ ಶಹಾಬಾದಿನ ನಮ್ಮ ಮನೆ ಬಂದು ನಿಲ್ಲುತ್ತದೆ. ಮುಂದಿನ ಎರಡು ಅಂಕಣ ಕಾಫಿಯಂಗಡಿ, ಹಿಂದೆ ಅಡುಗೆಮನೆ ಮತ್ತು ದೇವರಮನೆ, ನಡುವೆ ಒಂದು ದಪ್ಪ ಗೋಡೆ, ಆ ಗೋಡೆಯಲ್ಲಿ ಲೋಟದ ತಟ್ಟೆ ದಾಟುವಷ್ಟೇ ಅಗಲದ ಒಂದು ಕಿಂಡಿ. ಈಗ ಗೋಡೆಯೂ ಇಲ್ಲ, ಮನೆಯೂ ಇಲ್ಲ. ನಿಮಗೂ ಅಂಥದ್ದೊಂದು ಮನೆ ಇದ್ದೀತು; ಇದ್ದರೆ ನಾನು ಹೇಳುವುದು ನಿಮಗೆ ಬೇಗ ತಿಳಿದೀತು.

ನಮ್ಮ ಕಡೆ ಅಂದೂ ಇಂದೂ ಚಹಾದ ಸೀಮೆ. ಶಹಾಬಾದಿನಲ್ಲಿ ಕಾಫಿ ಮಾರುತ್ತೇನೆಂದು ಅಪ್ಪ ಹೊರಟಾಗ ಜನ ನಕ್ಕಿದ್ದರಂತೆ. ಆದರೆ ರೈಲು ಓಡಿಸುವವರಲ್ಲಿ ತೆಂಕಣ ಕಡೆಯವರು ಬಹಳ ಮಂದಿ, ಅವರಿಗೆ ಕಾಫಿ ಇಲ್ಲದೆ ನಡೆಯುತ್ತಿರಲಿಲ್ಲ. ಮೊದಲು ಅವರು ಬಂದರು. ಅವರ ಹಿಂದೆ ಕಾರ್ಖಾನೆಯ ಭೋಂಗಾ ಕೂಗಿದ ಮೇಲೆ ಪಾಳಿ ಮುಗಿಸಿದವರು ಬಂದರು, ಭಂಕೂರದ ಕಲ್ಲುಗಣಿಯಿಂದ ಹೆಗಲ ಮೇಲೆ ಬಿಳಿ ಪುಡಿ ಹೊತ್ತವರು ಬಂದರು. ನೆಲಕ್ಕೆ, ಮೇಜಿಗೆ, ಕಟ್ಟೆಗೆ ಎಲ್ಲಕ್ಕೂ ನಮ್ಮೂರಿನ ಫರಸಿ ಕಲ್ಲೇ. ಬೇಸಿಗೆಯಲ್ಲಿ ಅಪ್ಪ ಎರಡು ಗಂಟೆಗೊಮ್ಮೆ ಆ ಕಲ್ಲುಗಳ ಮೇಲೆ ನೀರು ಸುರಿಸುತ್ತಿದ್ದರು. ಕಾದ ಕಲ್ಲು ನೀರು ಕುಡಿಯುವ ವಾಸನೆ ಒಂದು ಕ್ಷಣ ಕಾಫಿಯನ್ನೂ ಮರೆಸುತ್ತಿತ್ತು.

ಕಿಂಡಿಯ ಹಿಂದೆ ಇದ್ದವಳು ಅತ್ಯಾ, ಅಪ್ಪನ ಅಕ್ಕ ಅಂಬಾಬಾಯಿ. ಸೇಡಂನ ಒಂದು ಮನೆಗೆ ಕೊಟ್ಟಿದ್ದರು; ಎಂಟು ತಿಂಗಳು ಅಲ್ಲಿದ್ದು, ಹನ್ನೆರಡರ ವಯಸ್ಸಿಗೆ ವಿಧವೆಯ ಕೆಂಪು ಸೀರೆಯುಟ್ಟು ತಲೆಯ ಮೇಲೆ ಸೆರಗು ಹೊದ್ದು ತವರಿಗೆ ಮರಳಿದವಳು. ಬೀಜ ಹುರಿಯುವುದು, ಬೀಸುವುದು, ಹಾಲು ಕಾಯಿಸುವುದು, ಡಿಕಾಕ್ಷನ್ ಇಳಿಸುವುದು, ಎಲ್ಲ ಅವಳದೇ. ಅವಳ ಬಳಿ ಗಡಿಯಾರವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಯಾವ ಗಾಡಿ ಬಂದಿತು ಎಂಬುದರ ಮೇಲೆ ಒಲೆಯ ಉರಿ ಏರುತ್ತಿತ್ತು, ಇಳಿಯುತ್ತಿತ್ತು. ನನ್ನ ಜೀವನದ ಶಿಸ್ತನ್ನೆಲ್ಲ ನಾನು ಕಲಿತದ್ದು ಆ ಒಲೆಯ ಮುಂದೆಯೇ. ಗಿರಾಕಿಗಳನ್ನು ಅವಳು ಧ್ವನಿಯಿಂದ ಬಲ್ಲಳು. ಹೊರಗೆ ಯಾರೋ ಕೆಮ್ಮಿದರೆ, "ಭಂಕೂರದ ಸಿದ್ದಣ್ಣ ಬಂದ, ಅವಂಗ ಸಕ್ಕರಿ ಎರಡು" ಎನ್ನುತ್ತಿದ್ದಳು. ಆದರೆ ಸಿದ್ದಣ್ಣ ಕಪ್ಪೋ ಕೆಂಪೋ, ಎತ್ತರವೋ ಗಿಡ್ಡವೋ, ಅವಳಿಗೆ ತಿಳಿಯದು. ಅಂಗಡಿ ತೆರೆದಾಗಿನಿಂದ ಅವಳು ಗಿರಾಕಿಗಳಿರುವ ಹೊತ್ತಿನಲ್ಲಿ ಗೋಡೆಯ ಆಚೆಗೆ ಕಾಲಿಟ್ಟಿರಲಿಲ್ಲ.

ಇನ್ನು ಓದಿನ ಸಂಗತಿ. ಅಪ್ಪ ಮತ್ತು ಅಪ್ಪನ ವಾರಿಗೆಯ ಗಂಡಸರು ಶಾಲೆ ಕಲಿತದ್ದು ನಿಜಾಮರ ಕಾಲದಲ್ಲಿ, ಕಲಿತದ್ದೆಲ್ಲ ಉರ್ದು. ಆಮೇಲೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ಹಲಗೆ, ಸರಕಾರದ ನೋಟೀಸು, ಪತ್ರಿಕೆ, ಎಲ್ಲವೂ ಒಂದೊಂದಾಗಿ ಕನ್ನಡವಾದವು. ಊರು ಅದೇ, ಆಡುವ ಮಾತೂ ಅದೇ, ಓದಲು ಮಾತ್ರ ಬಾರದ ಹಾಗಾಯಿತು. ಅದಕ್ಕೇ ನಮ್ಮ ಅಂಗಡಿಯಲ್ಲಿ ನಾಲ್ಕು ಗಂಟೆಯ ಓದು ಶುರುವಾದದ್ದು. ಹುಬ್ಬಳ್ಳಿಯ ಪತ್ರಿಕೆ ಒಂದು ದಿನ ತಡವಾಗಿ ಮೂರರ ಗಾಡಿಗೆ ಬರುತ್ತಿತ್ತು. ನಾಲ್ಕರವರೆಗೆ ಅದನ್ನು ಯಾರೂ ಬಿಚ್ಚಕೂಡದು. ನಾಲ್ಕಕ್ಕೆ ಧಾರವಾಡ ಕಡೆಯ ಬುಕಿಂಗ್ ಬಾಬು ಟಿಕೀಟಿನ ಕಿಟಕಿ ಮುಚ್ಚಿ ಬಂದು, ಒಂದು ಗುಟುಕು ಕುಡಿದು, ಗಂಟಲು ಸರಿಮಾಡಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದರು. ಯುಗಾದಿಯ ದಿನ ಪತ್ರಿಕೆಯ ಬದಲು ಪಂಚಾಂಗ ಓದುತ್ತಿದ್ದರು, ಅಪ್ಪ ಎಲ್ಲರಿಗೂ ಬೇವು ಹಂಚುತ್ತಿದ್ದರು. ಮಳೆಗಾಲದಲ್ಲಿ ಮಳೆಯ ಸುದ್ದಿಯನ್ನು ಎರಡು ಸಲ ಓದಬೇಕು. ದಸರೆಗೆ ಅಂಗಡಿಯಲ್ಲೇ ಬನ್ನಿ ಕೊಟ್ಟು ತಗೊಂಡು ಮಾಡುತ್ತಿದ್ದರು. ಚಳಿ ಬಿದ್ದಾಗ ಭಂಕೂರದವರು ಎಳೆಜೋಳದ ತೆನೆ ತಂದು, ಅಂಗಡಿಯ ಮುಂದೆ ಕೆಂಡ ಹರವಿ, ಸುಟ್ಟು ಬಡಿದು ಬಿಸಿ ಸೀತನಿ ಎಲ್ಲರ ಬೊಗಸೆಗೆ ಹಾಕುತ್ತಿದ್ದರು. ಅಂದು ಓದು ಅಂಗಳದಲ್ಲಿ. ಇದೆಲ್ಲದರ ಒಂದು ಪಾಲು ಕಿಂಡಿಯೊಳಗೆ ಅತ್ಯಾನ ಕೈಗೂ ಬರುತ್ತಿತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು ಕೂತು ಸೀತನಿ ತಿನ್ನುತ್ತ ಸುದ್ದಿ ಕೇಳುತ್ತಿದ್ದಳು.

ಒಂದು ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ, ಬುಕಿಂಗ್ ಬಾಬುಗೆ ವರ್ಗವಾಯಿತು. ಮರುದಿನ ನಾಲ್ಕಕ್ಕೆ ಎಲ್ಲರೂ ಬಂದು ಕೂತರು, ಓದುವವರೇ ಇಲ್ಲ. ಅಪ್ಪ ಧೈರ್ಯ ಮಾಡಿ ಪತ್ರಿಕೆ ಎತ್ತಿಕೊಂಡರು. ಉರ್ದುವಿನ ರೂಢಿಯಿಂದ ಕೊನೆಯ ಪುಟವನ್ನೇ ಮೊದಲು ಬಿಚ್ಚಿದರು, ಅಲ್ಲಿಂದ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಹೊರಟರು. ಸಿದ್ದಣ್ಣ ಲೋಟ ಕೆಳಗಿಟ್ಟು, "ಆಚಾರ್ರ, ನೀವು ಈ ಸಾಲು ಮುಗಿಸೂದ್ರಾಗ ನಮ್ಮ ಹೊಲದಾಗ ಜ್ವಾಳ ಬಿತ್ತಿ ರಾಶಿ ಆಗ್ತದ್ರಿ" ಎಂದ. ಪಕ್ಕದಲ್ಲಿ ಕೂತಿದ್ದ ಖಾದರ್ ಮಾಸ್ತರರು, ಉರ್ದು ಶಾಲೆಯಿಂದ ನಿವೃತ್ತರಾದವರು, "ನಗಬ್ಯಾಡೋ ಸಿದ್ದಣ್ಣ. ನಾನಾದ್ರೂ ಅಷ್ಟೇ. ಉರ್ದೂದಾಗ ದೌಡಾಯಿಸ್ತೀನಿ, ಕನ್ನಡದಾಗ ಕುಂಟ್ತೀನಿ" ಎಂದರು. ಎಲ್ಲರೂ ನಗುತ್ತಿರುವಾಗ ಕಿಂಡಿಯಿಂದ ಒಂದು ಕೈ ಹೊರಗೆ ಬಂತು. "ಭೀಮಾ, ಆ ಕಾಗದ ಇಲ್ಲಿ ಕೊಡು" ಎಂದು ಅತ್ಯಾ ಅಪ್ಪನಿಗೆ ಹೇಳಿದಳು.

ಚಂದಾಪುರದ ನಮ್ಮ ಮುತ್ತಜ್ಜಿ ಮನೆಯ ಹೆಣ್ಣುಮಕ್ಕಳಿಗೆ ಮರಳಿನ ಮೇಲೆ ಬೆರಳಿನಿಂದ ತಿದ್ದಿಸಿ, ದೇವರ ಹಾಡು ಓದುವಷ್ಟು ಕನ್ನಡ ಕಲಿಸಿದ್ದರು. ಗಂಡುಮಕ್ಕಳು ಶಾಲೆಗೆ ಹೋಗಿ ಉರ್ದು ಕಲಿತು ಬಂದರು. ಕನ್ನಡ ಅಡುಗೆಮನೆಯಲ್ಲಿ ಉಳಿದುಕೊಂಡಿತು. ಅತ್ಯಾ ಅಂದು ಗೋಡೆಯ ಹಿಂದಿನಿಂದ ಓದಿದಳು. ಒಂದೇ ಹದ, ತಡವರಿಕೆ ಇಲ್ಲ, ಹಾಡಿನ ಪುಸ್ತಕ ಓದಿದ ನಾಲಿಗೆಗೆ ಮಂತ್ರಿಗಳ ಭಾಷಣವೂ ಸಲೀಸಾಗಿ ಒಗ್ಗಿತು. ಹೊರಗಿನವರು ಮೊದಲು ಬೆಚ್ಚಿದರು, ಆಮೇಲೆ ಕಿವಿಗೊಟ್ಟರು. ಒಂದು ವಾರದಲ್ಲಿ ಅದೇ ರೂಢಿಯಾಯಿತು. ಹಾಲು ಉಕ್ಕುವ, ಲೋಟ ತೊಳೆಯುವ ಸದ್ದಿನಲ್ಲಿ ಧ್ವನಿ ಕೇಳದಿದ್ದರೆ ಗೋಡೆಯ ಹತ್ತಿರ ಕೂತವರು ಎರಡು ಸಲ ಬಡಿಯಬೇಕು; ಆಗ ಅತ್ಯಾ ಓದಿದ ಸಾಲನ್ನೇ ಇನ್ನಷ್ಟು ಜೋರಾಗಿ ಮತ್ತೆ ಓದುವಳು. ಅಪ್ಪನಿಗೂ ಇದು ಸರಿ ಕಂಡಿತು. ಅಕ್ಕ ಒಳಗೇ ಇದ್ದಳು, ಓದು ನಿಲ್ಲಲಿಲ್ಲ.

ಆ ವರ್ಷ ಆಷಾಢದಲ್ಲಿ ಕಾಗಿಣಾ ನದಿ ಏರಿತು. ಆಚೆ ದಡದ ಊರುಗಳಿಗೆ ನಾಲ್ಕು ದಿನ ದಾರಿ ಇರಲಿಲ್ಲ. ಅಲ್ಲಿನ ಸುದ್ದಿ ನಮಗೆ ನೇರವಾಗಿ ಬರುವಂತಿರಲಿಲ್ಲ. ಆದರೆ ಹೇಗೋ ಸುತ್ತು ಹಾಕಿ ಹುಬ್ಬಳ್ಳಿಗೆ ಹೋಗಿ, ಅಚ್ಚಾಗಿ, ಮೂರರ ಗಾಡಿಗೆ ನಮ್ಮೂರಿಗೆ ಬಂತು. ಹೊರಗೆ ಮಳೆ, ಒಳಗೆ ಹಬೆ, ಕಟ್ಟೆಯ ಮೇಲೆ ಜಾಗವಿಲ್ಲದಷ್ಟು ಜನ. ಅತ್ಯಾ ಓದುತ್ತ ಹೋದಳು: ಹೊಳೆ ದಾಟಲು ಹೋದ ಬಂಡಿ, ಎತ್ತುಗಳ ಸಮೇತ ಕೊಚ್ಚಿ ಹೋದದ್ದು, ಬಂಡಿ ಹೊಡೆಯುತ್ತಿದ್ದವನ ಊರು, ಅವನ ಹೆಸರು. ಅದು ಸಿದ್ದಣ್ಣನ ಅಕ್ಕನ ಗಂಡನ ಹೆಸರು. ಸಿದ್ದಣ್ಣ ಗೋಡೆಗೆ ಒರಗಿ ಕೂತಿದ್ದ, ಲೋಟ ಬಾಯಿಯ ಹತ್ತಿರ ಇತ್ತು. ಅಪ್ಪ ಅವನ ಮುಖ ನೋಡಿದರು. ಓದು ನಿಲ್ಲಿಸಬೇಕೆಂದು, ಬೇರೇನೂ ತೋಚದೆ, ಗೋಡೆಗೆ ಕೈಯಿಂದ ಬಡಬಡ ಬಡಿದರು.

ಒಳಗೆ ಅತ್ಯಾ ಯೋಚಿಸಲಿಲ್ಲ. ಯೋಚಿಸುವ ಕಾರಣವೂ ಇರಲಿಲ್ಲ. ಬಡಿದರೆ ಕೇಳಿಸಲಿಲ್ಲವೆಂದು ಅರ್ಥ. ಊರನ್ನೂ ಹೆಸರನ್ನೂ ಇನ್ನಷ್ಟು ಜೋರಾಗಿ, ಬಿಡಿಸಿ ಬಿಡಿಸಿ, ಮತ್ತೊಮ್ಮೆ ಓದಿದಳು. ಹೊರಗೆ ಯಾರೂ ಉಸಿರೆತ್ತಲಿಲ್ಲ. ಆ ಮೌನವನ್ನು ಅವಳು ಗಮನವೆಂದು ತಿಳಿದಳು. ಮುಂದಿನ ಕಾಲಮಿಗೆ ಹೋಗಿ ತೊಗರಿಯ ಧಾರಣೆ ಓದತೊಡಗಿದಳು. ನಾನು ಅವಳ ಪಕ್ಕದಲ್ಲೇ ಕೂತು ಲೋಟ ಒರೆಸುತ್ತಿದ್ದೆ. ಅಪ್ಪ ಕಿಂಡಿಗೆ ಬಾಯಿಯಿಟ್ಟು, "ಅಂಬಕ್ಕ, ಸಾಕು. ಸಿದ್ದಣ್ಣನ ಭಾವ ಅವ" ಎಂದದ್ದು ನನಗೂ ಕೇಳಿಸಿತು. ಅತ್ಯಾ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ನೆಲದ ಮೇಲಿಟ್ಟಳು. ಹಾಲಿನ ಪಾತ್ರೆಯನ್ನು ಕೆಳಗಿಳಿಸಿದಳು. ಹಾಲು ಆಗ ಉಕ್ಕುವ ಹಾಗೆ ಕಾದಿತ್ತು. ಬರಿಗೈಯಿಂದ ಹಿಡಿದು ಇಳಿಸಿದಳು.

ಮರುದಿನ ಪತ್ರಿಕೆ ಬಂತು, ನಾಲ್ಕು ಹೊಡೆಯಿತು, ಅತ್ಯಾ ಕೈ ಚಾಚಲಿಲ್ಲ. ಕಾಫಿ ಮಾತ್ರ ಹೊತ್ತಿಗೆ ಸರಿಯಾಗಿ ಕಿಂಡಿ ದಾಟುತ್ತಿತ್ತು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಅಪ್ಪ ಒಳಗೆ ಬಂದರು. ಅವರಿಬ್ಬರ ಆ ಮಾತುಕತೆಯ ಒಂದು ಶಬ್ದವನ್ನೂ ನಾನು ಮರೆತಿಲ್ಲ.

"ಹೊರಗ ಮಂದಿ ಕಾಯ್ಲಿಕತ್ತಾರ, ಅಕ್ಕ."

"ಕಾಯ್ಲಿ. ಓದ್ತೀನಿ. ಆದ್ರ ಹೊರಗ ಕೂತು ಓದ್ತೀನಿ."

"ಹೊರಗಂದ್ರ?"

"ಹೊರಗಂದ್ರ ಹೊರಗ. ಅವರ ಮಾರಿ ಕಾಣೂವಂಗ. ಮಾರಿ ಕಾಣದ ಇನ್ನ ಒಂದಕ್ಷರ ಓದಂಗಿಲ್ಲ."

"ನಿನಗ ತಲಿ ಕೆಟ್ಟದೇನು? ಗಂಡಸರ ನಡುವ ನೀ ಹೋಗಿ ಕೂತ್ರ ನಮ್ಮ ಮಂದಿ ಏನಂದಾರು?"

"ಏನರೆ ಅನ್ಲಿ. ಅವನ ಮನಿ ಸಾವು ಅವನ ಕಿವ್ಯಾಗ ಎರಡು ಸಲ ಒದರೀನಿ, ಭೀಮಾ. ಗೋಡಿ ಇರಲಿಲ್ಲಂದ್ರ ಒಂದು ಸಲನೂ ಒದರ್ತಿರಲಿಲ್ಲ."

ಅಪ್ಪ ಒಪ್ಪಲಿಲ್ಲ. ಅವಳೂ ಸಡಿಲಲಿಲ್ಲ. ಅವಳು ಅಳಲಿಲ್ಲ, ಮಾತು ಬಿಡಲಿಲ್ಲ, ಒಂದು ಹೊತ್ತಿನ ಊಟ ಬಿಡಲಿಲ್ಲ. ದಿನಾ ನಾಲ್ಕಕ್ಕೆ ಪತ್ರಿಕೆಯನ್ನು ಒಳಗೆ ತರಿಸಿಕೊಂಡು, ಬಿಚ್ಚದೆ, ಹಿಂದಿನ ದಿನದ್ದರ ಮೇಲೆ ಅಂಚಿಗೆ ಅಂಚು ಕೂಡಿಸಿ ಇಡುತ್ತಿದ್ದಳು. ಆ ಅಟ್ಟಿ ಬೆಳೆಯುತ್ತಿರುವುದು ಕಿಂಡಿಯಿಂದ ಹೊರಗಿನವರಿಗೂ ಕಾಣುತ್ತಿತ್ತು. ಅಂಗಡಿಯಲ್ಲಿ ಜನ ಕುಡಿದು ಬೇಗ ಎದ್ದು ಹೋಗತೊಡಗಿದರು. ಖಾದರ್ ಮಾಸ್ತರರು ಮಾತ್ರ ಐದರವರೆಗೆ ಸುಮ್ಮನೆ ಕೂತು ಹೋಗುತ್ತಿದ್ದರು.

ಸಿದ್ದಣ್ಣ ಕಾರ್ಯ ಮುಗಿಸಿಕೊಂಡು ಹದಿನೈದು ದಿನಕ್ಕೆ ಬಂದ. ಹೆಗಲ ಮೇಲೆ ಪುಡಿ ಇರಲಿಲ್ಲ, ತಲೆ ಬೋಳಿಸಿದ್ದ. ಕೂತವನೇ ಅಪ್ಪನನ್ನು ಕೇಳಿದ, "ಅಕ್ಕಾರ ಓದು ನಿಂತದಂತ್ರಿ, ಖರೆ ಏನು?" ಅಪ್ಪ ತಗ್ಗಿದ ಧ್ವನಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಡೆಗೆ, "ಮಡಿ ಹೆಣ್ಣುಮಗಳಪ್ಪ. ನಾಕ ಮಂದಿ ಕೂತು ಎದ್ದ ಕುರ್ಚಿ ಮ್ಯಾಲ ಆಕಿ ಹ್ಯಾಂಗ ಕೂಡ್ರಬೇಕು?" ಎಂದರು. ನಿಜವಾದ ಅಡ್ಡಿ ಅದಾಗಿರಲಿಲ್ಲ; ಹೇಳಲು ಸುಲಭವಾದದ್ದು ಅದಾಗಿತ್ತು. ಸಿದ್ದಣ್ಣ ಕಾಫಿ ಮುಗಿಸಿ ಹೋದ. ಮರುದಿನ ಬೆಳಗ್ಗೆ ಅಂಗಡಿಯ ಮುಂದೆ ಬಂಡಿ ನಿಂತಿತು. ಒಳ್ಳೆಯ ನಯದ ಒಂದು ಫರಸಿ, ಅದಕ್ಕೆ ಎರಡು ಕಲ್ಲಿನ ಕಾಲು. ಬಾಗಿಲಿಗೆ ಎದುರಾಗಿ, ಎಲ್ಲ ಕಟ್ಟೆಗಳೂ ಕಾಣುವ ಹಾಗೆ, ಅದನ್ನು ಕೂರಿಸಿ, ಮಟ್ಟ ನೋಡಿ, ತಾನೇ ಬಾವಿಯಿಂದ ನೀರು ಸೇದಿ ತಂದು ಸುರಿದ. ಅಪ್ಪ ನೋಡುತ್ತ ನಿಂತಿದ್ದರು. "ಕಲ್ಲಿಗೆ ಮೈಲಿಗಿ ಇಲ್ಲಂತ ನೀವಽ ಹೇಳ್ತೀರಲ್ರಿ ಆಚಾರ್ರ. ಇದರ ಮ್ಯಾಲ ಮತ್ತ್ಯಾರೂ ಕೂಡ್ರಂಗಿಲ್ಲ, ಅದು ನನ್ನ ಜಿಮ್ಮಾ" ಎಂದ. ಅಪ್ಪ ಬಗ್ಗಿ ಆ ಕಲ್ಲಿನ ಕಾಲು ಮುಟ್ಟಿ ನೋಡಿದರು. "ಕಾಲು ಸ್ವಲ್ಪ ಗಿಡ್ಡ ಆದ್ವು" ಎಂದಷ್ಟೇ ಅಂದರು.

ಅಂದು ನಾಲ್ಕಕ್ಕೆ ಅತ್ಯಾ ಸೆರಗು ಬಿಗಿದುಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ಬಂದು ಕಲ್ಲಿನ ಮೇಲೆ ಕೂತಳು. ಕೂಡಲೇ ಓದಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇಷ್ಟು ವರ್ಷ ಸಕ್ಕರೆಯ ಅಳತೆಯಿಂದ ಬಲ್ಲ ಜನ. "ಇದರಾಗ ಸಿದ್ದಣ್ಣ ಯಾರಪ್ಪ?" ಎಂದಳು. ಸಿದ್ದಣ್ಣ ಎದ್ದು ನಿಂತ. ಅತ್ಯಾ ಅವನ ಮುಖ ನೋಡಿದಳು. "ಕೂಡ್ರು" ಎಂದಳು. ಆಮೇಲೆ ಅಟ್ಟಿಯ ತಳದಲ್ಲಿದ್ದ ಹಳೆಯ ಪತ್ರಿಕೆಯಿಂದ ಶುರು ಮಾಡಿದಳು.

ಎಲ್ಲವೂ ಸಲೀಸಾಯಿತು ಎನ್ನಲಾರೆ. ನಮ್ಮವರಲ್ಲಿ ಎರಡು ಮನೆಯವರು ನಮ್ಮ ಹೊಸ್ತಿಲು ತುಳಿಯುವುದನ್ನು ಬಿಟ್ಟರು, ಅಪ್ಪನಿಗೆ ಪೂಜೆ ಪಾರಾಯಣದ ಕರೆ ಬರುವುದು ನಿಂತಿತು. ಅಪ್ಪ ಅದನ್ನು ಅಕ್ಕನ ಎದುರು ಎಂದೂ ಆಡಿ ತೋರಿಸಲಿಲ್ಲ. ಅದು ಅವರ ದೊಡ್ಡತನ. ಓದಿಗೆ ಅತ್ಯಾ ಹೊಸ ಕಟ್ಟಳೆ ಹಾಕಿದಳು. ಮೂರೂವರೆಗೆ ಒಳಗೆ ಕೂತು ಇಡೀ ಪತ್ರಿಕೆಯನ್ನು ತನ್ನಷ್ಟಕ್ಕೆ ಓದಿಕೊಳ್ಳುವಳು. ಹೊರಗೆ ಮೊದಲು ಮಳೆ, ಆಮೇಲೆ ಧಾರಣೆ, ಆಮೇಲೆ ಸರಕಾರ. ಸಾವುನೋವಿನ ಸುದ್ದಿ ಎಲ್ಲರ ಲೋಟ ಕೆಳಗಿಟ್ಟ ಮೇಲೆ. ಗುರುತಿನವರ ಹೆಸರಿದ್ದರೆ ಅದನ್ನು ಓದುತ್ತಲೇ ಇರಲಿಲ್ಲ. ಓದು ಮುಗಿಸಿ, ಎದ್ದು, ಸಂಬಂಧಪಟ್ಟವನ ಹತ್ತಿರ ಹೋಗಿ ಮೆಲ್ಲಗೆ ಹೇಳುವಳು. ಅಂಥ ದಿನ ಅವಳು ಯಾರ ಕಡೆಗೆ ಹೆಜ್ಜೆಯಿಡುತ್ತಾಳೋ ಎಂದು ಅಂಗಡಿಯೆಲ್ಲ ಎದೆ ಹಿಡಿದುಕೊಂಡು ಕೂತಿರುತ್ತಿತ್ತು. ಯುಗಾದಿಗೆ ಪಂಚಾಂಗ ಅವಳೇ ಓದಿದಳು. ಎಳ್ಳಮಾಸಿಯ ಮರುದಿನ ಒಬ್ಬರಲ್ಲ ಒಬ್ಬರು ಹೊಲದ ಊಟದಲ್ಲಿ ಉಳಿದ ಸಜ್ಜೆಯ ರೊಟ್ಟಿ ತಂದು ಹಂಚುವರು, ಅವಳು ಯಾರ ಮನೆಯ ರೊಟ್ಟಿ ತೆಳು, ಯಾರದು ದಪ್ಪ ಎಂದು ಛೇಡಿಸುವಳು. ಸೀತನಿಯ ಕೆಂಡದ ಮುಂದೆ ಅವಳ ಕಲ್ಲನ್ನು ನಾಲ್ಕು ಜನ ಎತ್ತಿ ಅಂಗಳಕ್ಕೆ ತಂದಿಡುತ್ತಿದ್ದರು. ನಗುವಾಗ ಅವಳ ಮುಂದಿನ ಹಲ್ಲು ಎರಡು ಇಲ್ಲದಿರುವುದು ಊರಿಗೆಲ್ಲ ಕಾಣುತ್ತಿತ್ತು, ಅವಳು ಮುಚ್ಚಿಕೊಳ್ಳುತ್ತಿರಲಿಲ್ಲ.

ಹನ್ನೆರಡು ಹದಿಮೂರು ವರ್ಷ ಹಾಗೆ ನಡೆಯಿತು. ಅಷ್ಟರಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಹುಡುಗರು ಪಾಳಿಗೆ ಹೋಗುವ ಗಂಡಸರಾಗಿದ್ದರು. ರಾಜ್ಯದ ಹೆಸರೂ ಬದಲಾಗಿತ್ತು. ಪತ್ರಿಕೆ ಬಂದ ಕೂಡಲೇ ಅವರು ಹಾಳೆ ಹಾಳೆ ಹಂಚಿಕೊಂಡು, ತಲೆ ತಗ್ಗಿಸಿ, ತುಟಿಯನ್ನೂ ಅಲ್ಲಾಡಿಸದೆ ಓದುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅತ್ಯಾ ಕೂಡ, "ಛಲೋ ಆತು, ನನ್ನ ಗಂಟಲಿಗೆ ಸೂಟಿ" ಎನ್ನುತ್ತಿದ್ದಳು. ಆದರೂ ನಾಲ್ಕಕ್ಕೆ ಕಲ್ಲಿನ ಮೇಲೆ ಬಂದು ಕೂಡುವುದನ್ನು ತಪ್ಪಿಸಲಿಲ್ಲ. ಒಂದು ದಿನ ಹುಡುಗರು ಬಿಟ್ಟ ಹಾಳೆಗಳನ್ನು ಸಿದ್ದಣ್ಣ ಒಂದೊಂದಾಗಿ ಆಯ್ದು, ಪುಟದ ಅನುಕ್ರಮಕ್ಕೆ ಜೋಡಿಸಿ ತಂದು ಅವಳ ಮುಂದಿಟ್ಟ. ಅವನ ಮೊಮ್ಮಗಳು ಅವನಿಗೆ ಅಕ್ಷರ ಕಲಿಸಿದ್ದು ಎಲ್ಲರಿಗೂ ಗೊತ್ತಿತ್ತು. ಅತ್ಯಾ, "ಈಗ ನಿನಗಽ ಓದಾಕ ಬರ್ತದಲ್ಲೋ" ಎಂದಳು. "ಬರ್ತದ್ರಿ ಅಕ್ಕಾರ. ನಾ ಓದಿದ್ರ ಬರೇ ಸುದ್ದಿ ತಿಳೀತದ" ಎಂದ. ಅವಳು ಓದಿದಳು. ಕೇಳಿದವರು ಇಬ್ಬರೇ, ಅವನು ಮತ್ತು ಖಾದರ್ ಮಾಸ್ತರರು.

ಅಪ್ಪ ತೀರಿಕೊಂಡ ಮೇಲೆ ಅಂಗಡಿ ಒಂದು ಮಳೆಗಾಲವನ್ನೂ ದಾಟಲಿಲ್ಲ. ಮನೆ ಬೇರೆಯವರ ಪಾಲಾಯಿತು, ಅವರು ಕೆಡವಿ ಹೊಸದು ಕಟ್ಟಿದರು. ಅತ್ಯಾ ಚಂದಾಪುರಕ್ಕೆ, ನನ್ನ ಚಿಕ್ಕಪ್ಪನ ಮನೆಗೆ ಹೋದಳು. ನಾನು ಆಗ ಸೇಡಂನ ಶಾಲೆಯಲ್ಲಿ ಶಿಕ್ಷಕಿ. ತಿಂಗಳಿಗೊಂದು ರವಿವಾರ, ಮೊದಲ ಬಸ್ಸಿಗೆ, ಪತ್ರಿಕೆ ಹಿಡಿದುಕೊಂಡು ಹೋಗುತ್ತಿದ್ದೆ. ಅವಳ ಎರಡೂ ಕಣ್ಣಿಗೆ ಪೊರೆ ಬಂದು, ಶಸ್ತ್ರಕ್ರಿಯೆಯೂ ಸರಿಹೋಗದೆ, ಬೆಳಕು ಕತ್ತಲೆಯ ಭೇದವೂ ಉಳಿದಿರಲಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಎದ್ದು, ಹೊತ್ತಿಗೆ ಸರಿಯಾಗಿ ಉಂಡು, ನಾಲ್ಕಕ್ಕೆ ಮಂಚದ ಮೇಲೆ ನೆಟ್ಟಗೆ ಕೂತಿರುತ್ತಿದ್ದಳು.

ಕೊನೆಯ ಸಲ ಹೋದಾಗ ಮೋಡ ಕವಿದಿತ್ತು. ಬೆಳಕಿಗಾಗಿ ನಾನು ಅವಳ ಬೆನ್ನ ಹಿಂದಿನ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಓದತೊಡಗಿದೆ. ಎರಡು ಸಾಲು ಆಗಿರಬೇಕು, ಕೈಯೆತ್ತಿ ನಿಲ್ಲಿಸಿದಳು.

"ಪದ್ದಿ, ಎಲ್ಲಿ ಕೂತಿ?"

"ಇಲ್ಲೇ ಅತ್ಯಾ, ಕಿಟಕಿ ಹಂತ್ಯಾಕ. ಇಲ್ಲಿ ಬೆಳಕು ಛಲೋ ಅದ."

"ಬೆಳಕು ಇರಲಿ. ಎದುರಿಗೆ ಬಾ."

"ಎದುರಿಗೆ ಬಂದ್ರೂ ನಿನಗ ಕಾಣಂಗಿಲ್ಲಲ್ಲ."

"ನನಗ ಕಾಣಂಗಿಲ್ಲ" ಎಂದಳು. "ನಿನಗ ಕಾಣ್ತದಲ್ಲ."

ನಾನು ಕುರ್ಚಿ ಎತ್ತಿಕೊಂಡು ಅವಳ ಎದುರಿಗೆ ಬಂದು ಕೂತೆ. ಅಲ್ಲಿ ಬೆಳಕು ಕಡಿಮೆ. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿಯಬೇಕಾಗುತ್ತಿತ್ತು. ಒಂದೊಂದು ಸಾಲು ಮುಗಿದಾಗಲೂ ಹಾಳೆ ಇಳಿಸಿ, ಅವಳ ಮುಖ ನೋಡಿ, ಮತ್ತೆ ಮುಂದಕ್ಕೆ ಓದಿದೆ.